ಹಳೆಯ ಟಿವಿ ಗೇಮುಗಳಲ್ಲಿ ಯಾವುದನ್ನು ಮಕ್ಕಳ ಕೈಗೆ ಕೊಡೋಣ: ಅಜ್ಜನ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ವಿಷುವಿಗೆ ಮಕ್ಕಳೆಲ್ಲ ಉಪ್ಪಳದ ಮಾವನ ಮನೆಯಲ್ಲಿ ಸೇರುವುದು ನಮ್ಮಲ್ಲಿ ಹಿಂದಿನಿಂದಲೂ ನಡೆದು ಬಂದದ್ದು. ಈ ಸಲ ರಜೆಯಲ್ಲಿ ಅವರಿಗೆ ಆಡಲು ಕೊಡಬಹುದಾದ ಹಳೆಯ ವಿಡಿಯೊ ಗೇಮುಗಳ ಪಟ್ಟಿಯೊಂದನ್ನು ಅಕ್ಕನ ಮಗ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಕಳಿಸಿದ. ಅದರ ಮೇಲೆ ಎರಡು ದಿನ ನಡೆದ ಮಾತನ್ನು, ಮನೆಯವರ ಒಪ್ಪಿಗೆ ಪಡೆದು, ಇಲ್ಲಿ ಕೊಡುತ್ತಿದ್ದೇನೆ.

ಅಳಿಯ (ಬೆಂಗಳೂರು): ಎಲ್ಲರಿಗೂ ನಮಸ್ಕಾರ. ಇಂದಿಗೂ ಆಡಲೇಬೇಕಾದ ಹಳೆಯ ಗೇಮುಗಳು ಎಂದು ಸ್ನೇಹಿತರೊಬ್ಬರು ಕಳಿಸಿದ ಪಟ್ಟಿ ಇದು: ಸೂಪರ್ ಮಾರಿಯೋ ಬ್ರದರ್ಸ್, ಡಕ್ ಹಂಟ್, ದ ಲೆಜೆಂಡ್ ಆಫ್ ಝೆಲ್ಡಾ, ಸೋನಿಕ್, ಫೈನಲ್ ಫ್ಯಾಂಟಸಿ 7, ಗೋಲ್ಡನ್‌ಐ 007. ಇವನ್ನೆಲ್ಲ ಹೊಂದಿಸುವ ಜವಾಬ್ದಾರಿಯನ್ನು ನಾನು ವಹಿಸಿಕೊಳ್ಳುತ್ತೇನೆ.

ಭಾವ (ಶಾರ್ಜಾ): ಪಟ್ಟಿ ಚೆನ್ನಾಗಿದೆ. ಆದರೆ ಇಬ್ಬರು ಜೊತೆಯಾಗಿ ಆಡುವ ಕೋಂಟ್ರಾ ಇಲ್ಲದ ಪಟ್ಟಿಯನ್ನು ನಮ್ಮ ಮನೆಯಲ್ಲಿ ಒಪ್ಪುವುದು ಹೇಗೆ?

ನಾನು (ಬದಿಯಡ್ಕ): ಕೋಂಟ್ರಾ ಇಲ್ಲದಿರುವುದು ಒಂದು ಕೊರತೆಯೇ ಸರಿ, ಭಾವ. ಆದರೆ ನನ್ನ ಆಕ್ಷೇಪ ಬೇರೆ. ಈ ಪಟ್ಟಿಯನ್ನು ಮಾಡಿದವರು ವಿಡಿಯೊ ಗೇಮಿನ ಚರಿತ್ರೆಯಲ್ಲಿ ಮುಖ್ಯವಾದದ್ದನ್ನೂ ಇವತ್ತು ಕೂತು ಆಡಲು ಹಿತವಾದದ್ದನ್ನೂ ಒಂದೇ ಬುಟ್ಟಿಗೆ ಹಾಕಿದ್ದಾರೆ. ಗೋಲ್ಡನ್‌ಐಯನ್ನೇ ತೆಗೆದುಕೊಳ್ಳಿ. 1997ರಲ್ಲಿ ನಿಂಟೆಂಡೊ 64 ಎಂಬ ಗೇಮ್ ಯಂತ್ರಕ್ಕೆ ಬಂದ ಆ ಗುಂಡು ಹಾರಿಸುವ ಆಟದಲ್ಲಿ ಒಂದೇ ಟಿವಿಯ ಪರದೆಯನ್ನು ನಾಲ್ಕು ಭಾಗ ಮಾಡಿ ನಾಲ್ವರು ಒಟ್ಟಿಗೆ ಆಡಬಹುದಿತ್ತು. ಆ ಕಾಲಕ್ಕೆ ಅದು ದೊಡ್ಡ ಸಂಗತಿ. ಆದರೆ ಆ ಯಂತ್ರದ ಜಾಯ್‌ಸ್ಟಿಕ್ಕಿನಲ್ಲಿ ಹೆಬ್ಬೆರಳಿಗೆ ಇದ್ದದ್ದು ಒಂದೇ ಕಡ್ಡಿ. ಒಂದು ಕಡ್ಡಿಯಲ್ಲಿ ನಡೆಯುವುದು, ಇನ್ನೊಂದರಲ್ಲಿ ತಿರುಗಿ ನೋಡುವುದು ಎಂಬ ಈಗಿನ ಅಭ್ಯಾಸ ಬೆಳೆದ ಮಗುವಿಗೆ ಅದು ಗೋಡೆಗೆ ಮುಖ ಮಾಡಿ ನಿಲ್ಲುವ ಆಟವಾಗುತ್ತದೆ. ಹತ್ತು ನಿಮಿಷದಲ್ಲಿ ಎದ್ದು ಅಂಗಳಕ್ಕೆ ಹೋಗುತ್ತದೆ.

ಅಕ್ಕ (ನೀರ್ಚಾಲು): ನಾನು ಆಟಗಳ ವಿಷಯದಲ್ಲಿ ನಿಮ್ಮಷ್ಟು ತಿಳಿದವಳಲ್ಲ, ಆದರೂ ಒಂದು ಮಾತನ್ನು ಹೇಳಲೇಬೇಕು. ನಿಮಗೆ ಬೇಕಾದದ್ದು ಆಟವೋ, ನಿಮ್ಮ ಬಾಲ್ಯವೋ? 1994ರಲ್ಲಿ ಚಿಕ್ಕ ಮಾವ ದುಬೈಯಿಂದ ಸೂಟ್‌ಕೇಸಿನಲ್ಲಿ ತಂದ ಆ ಟಿವಿ ಗೇಮಿನ ಮುಂದೆ ನೀವಿಬ್ಬರೂ ಹೊತ್ತು ಗೊತ್ತಿಲ್ಲದೆ ಕೂರುತ್ತಿದ್ದಿರಿ. ಆ ನೆನಪು ನಿಮ್ಮದು, ಮಕ್ಕಳದ್ದಲ್ಲ. ನಿಮ್ಮ ನೆನಪನ್ನು ಅವರ ತಲೆಗೆ ಕಟ್ಟುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ.

ನಾನು: ಅಕ್ಕ, ನೀನು ಕೇಳಿದ್ದು ಸರಿಯಾದ ಪ್ರಶ್ನೆ. ನೆನಪಿನ ಬಲವಿಲ್ಲದೆಯೂ ಆಟ ನಿಲ್ಲುತ್ತದೆಯೇ ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ. ಮೇಲಿನಿಂದ ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸುವ ಟೆಟ್ರಿಸ್ ಹುಟ್ಟಿದ್ದು 1980ರ ದಶಕದ ನಡುವೆ, ಮಾಸ್ಕೋದಲ್ಲಿ, ಅಲೆಕ್ಸಿ ಪಜಿಟ್ನೊವ್ ಎಂಬವರ ಕೈಯಲ್ಲಿ. ನಿಂಟೆಂಡೊದ ಹಳೆಯ ಯಂತ್ರಕ್ಕೆ ಅದು ಬಂದದ್ದು 1989ರಲ್ಲಿ. ಆ ಆವೃತ್ತಿಯನ್ನು ಆಟವೇ ಕೆಟ್ಟು ನಿಲ್ಲುವವರೆಗೆ ಆಡಿದ ಮೊದಲ ಮನುಷ್ಯ ಅಮೆರಿಕದ ಒಕ್ಲಹೋಮಾದ 13 ವರ್ಷದ ಹುಡುಗ. ಅದು ನಡೆದದ್ದು 2023ರ ಡಿಸೆಂಬರಿನಲ್ಲಿ, 157ನೆಯ ಹಂತದಲ್ಲಿ. ಅಲ್ಲಿಯವರೆಗೆ ಕಂಪ್ಯೂಟರ್ ಪ್ರೋಗ್ರಾಮು ಮಾತ್ರ ಆಟವನ್ನು ಹಾಗೆ ನಿಲ್ಲಿಸಿತ್ತು. ಆ ಹುಡುಗನಿಗೆ 1989ರ ನೆನಪು ಎಲ್ಲಿಂದ ಬರಬೇಕು? ಆಟದಲ್ಲಿಯೇ ಏನೋ ಇದೆ ಎಂದು ನಂಬಲು ನನಗೆ ಇಷ್ಟು ಸಾಕು.

ಅಕ್ಕ: ಇದು ನನಗೆ ಗೊತ್ತಿರಲಿಲ್ಲ. ಒಪ್ಪಿದೆ. ಆದರೆ ಎಲ್ಲ ಆಟಗಳೂ ಟೆಟ್ರಿಸ್ ಅಲ್ಲವಲ್ಲ.

ನಾನು: ಅಲ್ಲ. ಅದಕ್ಕೇ ಒಂದೊಂದನ್ನಾಗಿ ನೋಡಬೇಕು. ಮಾರಿಯೋವನ್ನು ನಾನು ಎಷ್ಟೋ ವರ್ಷಗಳ ಅನಂತರ, ಕಳೆದ ತಿಂಗಳು, ನನ್ನ ಆರು ವರ್ಷದ ಮಗನ ಕೈಗೆ ಕೊಟ್ಟೆ. ಏನನ್ನೂ ಹೇಳಿಕೊಡದೆ ಪಕ್ಕದಲ್ಲಿ ಕೂತು ನೋಡಿದೆ. ಮಾರಿಯೋ ಪರದೆಯ ಎಡಬದಿಯಲ್ಲಿ ನಿಂತಿರುತ್ತಾನೆ, ಬಲಬದಿ ಖಾಲಿ. ಹಾಗಾಗಿ ಮಗು ಬಲಕ್ಕೆ ನಡೆಯಿತು. ಎದುರಿನಿಂದ ಅಣಬೆಯಂಥ ಶತ್ರು ಬಂದು ತಾಗಿತು, ಒಂದು ಲೈಫ್ ಹೋಯಿತು. ನಷ್ಟ ಎರಡು ಮೂರು ಸೆಕೆಂಡಿನದ್ದು ಮಾತ್ರ, ಮತ್ತೆ ಮೊದಲಿನಿಂದ. ಎರಡನೇ ಸಲ ಹಾರಿದ. ಹಾರಿದಾಗ ತಲೆಗೆ ಪ್ರಶ್ನೆಚಿಹ್ನೆಯ ಪೆಟ್ಟಿಗೆ ತಾಗಿ ನಾಣ್ಯ ಬಂತು. ಇನ್ನೊಂದಕ್ಕೆ ಗುದ್ದಿದಾಗ ಅಣಬೆ ಹೊರಬಂದು ಬಲಕ್ಕೆ ಜಾರಿ, ಕೆಳಗೆ ಬಿದ್ದು, ಕೊಳವೆಗೆ ತಾಗಿ, ತಿರುಗಿ ಅವನತ್ತಲೇ ಬಂತು. ಹೆದರಿ ಹಾರಲು ನೋಡಿದ, ಆದರೆ ಮೇಲೆ ಇಟ್ಟಿಗೆಗಳ ಸಾಲು ಇದ್ದುದರಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ತಾಗಿದ ಕೂಡಲೇ ಮಾರಿಯೋ ದೊಡ್ಡವನಾದ. ‘ಇದು ಒಳ್ಳೆಯ ಅಣಬೆ’ ಎಂದು ಮಗನೇ ಹೇಳಿದ.

ಮುಂದೆ ಎರಡು ಮೆಟ್ಟಿಲುಗಳ ನಡುವೆ ನೆಲವಿರುವ ಜಾಗ ಬರುತ್ತದೆ. ಅಲ್ಲಿ ಬಿದ್ದರೂ ಅಪಾಯವಿಲ್ಲ. ಅದರ ಅನಂತರವೇ ಅಂಥದೇ ಎರಡು ಮೆಟ್ಟಿಲುಗಳ ನಡುವೆ ನಿಜವಾದ ಹೊಂಡ ಇರುವುದು. ಅಕ್ಕ, ನೀನು ಶಾಲೆಯಲ್ಲಿ ಪಾಠ ಮಾಡುವವಳು, ನೀನೇ ಹೇಳು, ಒಂದಕ್ಷರವನ್ನೂ ಬಳಸದೆ ಇಷ್ಟು ಕ್ರಮವಾಗಿ ಕಲಿಸಿದ್ದನ್ನು ನೀನು ಬೇರೆಲ್ಲಿ ನೋಡಿದ್ದೀಯ? 1985ರಲ್ಲಿ ಶಿಗೆರು ಮಿಯಾಮೊಟೊ ಮತ್ತು ಅವರ ಸಂಗಡಿಗರು ಇದನ್ನು ಮಾಡಿದ್ದು ಬರೀ 40 ಕಿಲೋಬೈಟಿನಲ್ಲಿ. ನಾವು ಈ ಗುಂಪಿಗೆ ಹಾಕುವ ಒಂದು ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ. ಜಾಗ ಸಾಲದೆ ಆಕಾಶದ ಮೋಡದ ಆಕಾರಕ್ಕೇ ಹಸಿರು ಬಣ್ಣ ಹಚ್ಚಿ ನೆಲದ ಪೊದೆಯನ್ನಾಗಿ ಮಾಡಿದ್ದಾರೆ. ಮಾತಿಗೆ ಜಾಗವಿಲ್ಲದ ಕಾಲದಲ್ಲಿ ಆಟ ಮಾತಿಲ್ಲದೆ ಹೇಳಲು ಕಲಿಯಿತು. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಅಕ್ಕ: ಈ ಮಾತು ನನಗೆ ಹಿಡಿಸಿತು. ನಮ್ಮ ಶಾಲೆಯ ಮಕ್ಕಳು ಮನೆಯಲ್ಲಿ ಕನ್ನಡವೋ ತುಳುವೋ ಆಡಿ, ಅಂಗಡಿಯಲ್ಲಿ ಮಲಯಾಳ ಆಡಿ, ಮೊಬೈಲು ತೆರೆದ ಕೂಡಲೇ ಇಂಗ್ಲಿಷಿನ ಎದುರು ತಡವರಿಸಿ ನಿಲ್ಲುತ್ತಾರೆ. ಭಾಷೆ ಬೇಡದ ಆಟ ಎಂಬುದು ನಿಜವಾಗಿ ಒಂದು ಗುಣ.

ಅಳಿಯ: ಮಾವ, ಹಾಗೆ ನೋಡಿದರೆ ಫೈನಲ್ ಫ್ಯಾಂಟಸಿ 7 ಹೊರಗೆ ಹೋಗುತ್ತದೆ, ಅದನ್ನು ನಾನು ಒಪ್ಪುವುದಿಲ್ಲ. ಮೂರು ಡಿಸ್ಕಿನ ಆ ಕಥೆಯನ್ನು ನಾನು ಎಂಟನೇ ತರಗತಿಯಲ್ಲಿ ನಿಘಂಟು ತೊಡೆಯ ಮೇಲಿಟ್ಟುಕೊಂಡು ಆಡಿದವನು. ಕಥೆಯ ನಡುವೆ ಪ್ರೀತಿಯ ಪಾತ್ರವೊಂದು ಸಾಯುವಾಗ ಆಟ ನಿಲ್ಲಿಸಿ ಹೊರಗೆ ಹೋಗಿ ಕೂತಿದ್ದೆ. ಇಂಗ್ಲಿಷ್ ವಾಕ್ಯವನ್ನು ಭಯವಿಲ್ಲದೆ ಓದುವ ಅಭ್ಯಾಸ ನನಗೆ ಬಂದದ್ದೂ ಅದರಿಂದ. ಭಾಷೆ ಇರುವುದೇ ಒಂದು ದೋಷವೆಂದು ತಳ್ಳಿಹಾಕಬೇಡಿ.

ಅಕ್ಕ: ನಿಘಂಟಿನ ವಿಷಯ ನಿಜ. ನನ್ನ ನಿಘಂಟಿನ ರಟ್ಟು ಕಿತ್ತುಹೋದದ್ದು ಆ ವರ್ಷವೇ.

ನಾನು: ನಿನ್ನ ಮಾತಿನಲ್ಲಿ ಸತ್ಯವಿದೆ, ನಾನು ತಿದ್ದಿಕೊಳ್ಳುತ್ತೇನೆ. ಒಬ್ಬನೇ ಕೂತು ತಿಂಗಳುಗಟ್ಟಲೆ ಆಡುವ ದೊಡ್ಡ ಮಕ್ಕಳಿಗೆ ಅದು ಇರಲಿ. ವಿಷುವಿನ ನಾಲ್ಕು ದಿನಕ್ಕೆ, ಹತ್ತು ಮಕ್ಕಳು ಸರದಿ ಕಾಯುವ ಜಗಲಿಗೆ ಅದು ಹೊಂದುವುದಿಲ್ಲ. ಮೊದಲನೆಯ ಝೆಲ್ಡಾದ ಕಷ್ಟ ಬೇರೆ. 1986ರ ಆ ಆಟದಲ್ಲಿ ಯಾವ ಪೊದೆಯನ್ನು ಸುಟ್ಟರೆ ದಾರಿ, ಯಾವ ಬಂಡೆಗೆ ಬಾಂಬಿಟ್ಟರೆ ಗುಹೆ ಎಂಬುದಕ್ಕೆ ಎಷ್ಟೋ ಕಡೆ ಸುಳಿವೇ ಇಲ್ಲ. ಕ್ಯಾಸೆಟ್ಟಿನ ಜೊತೆ ಬರುತ್ತಿದ್ದ ಪುಸ್ತಕ, ನಕ್ಷೆ, ಶಾಲೆಯಲ್ಲಿ ಸ್ನೇಹಿತರು ಹಂಚಿಕೊಳ್ಳುವ ಗುಟ್ಟು ಇವೆಲ್ಲ ಸೇರಿ ಆ ಆಟ ಪೂರ್ಣವಾಗುತ್ತಿತ್ತು. ಝೆಲ್ಡಾ ಬೇಕೇ ಬೇಕೆಂದಾದರೆ 1991ರ ‘ಎ ಲಿಂಕ್ ಟು ದ ಪಾಸ್ಟ್’ ಕೊಡೋಣ. ಅದರಲ್ಲಿ ಮುಂದೆ ಹೋಗಬೇಕಾದ ಜಾಗವನ್ನು ನಕ್ಷೆಯಲ್ಲಿಯೇ ಗುರುತು ಮಾಡಿದ್ದಾರೆ.

ಭಾವ: ನಾನು ಕೋಂಟ್ರಾದ ವಿಷಯಕ್ಕೆ ತಿರುಗಿ ಬರುತ್ತೇನೆ.

ನಾನು: ಬನ್ನಿ ಭಾವ, ನಾನೂ ನಿಮ್ಮ ಪಕ್ಷವೇ. ಗುಂಡು ಹಾರಿಸುವ ಆಟವೆಂದು ಅಕ್ಕ ಬೇಡವೆನ್ನಬಹುದು. ಆದರೆ ಅದರ ಮೂರನೇ ಸ್ಟೇಜಿನ ಜಲಪಾತವನ್ನು ನೆನಪು ಮಾಡಿಕೊಳ್ಳಿ. ಇಬ್ಬರೂ ಮೇಲಕ್ಕೆ ಹತ್ತಬೇಕು, ಒಬ್ಬ ಅವಸರ ಮಾಡಿದರೆ ಪರದೆ ಮೇಲೆ ಸರಿದು ಹಿಂದುಳಿದವನು ಸಾಯುತ್ತಾನೆ. ನಾವು ಎಷ್ಟು ಜಗಳ ಮಾಡಿದ್ದೇವೆ ಅಲ್ಲಿ! ಕೊನೆಗೆ ‘ನಿಲ್ಲು, ನಾನು ಬರಲಿ’ ಎಂದು ಹೇಳುವುದನ್ನೂ, ಹೇಳಿದಾಗ ನಿಲ್ಲುವುದನ್ನೂ ಕಲಿತೆವು. ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಎಂದು ಒತ್ತಿದರೆ ಮೂರು ಲೈಫಿನ ಬದಲು ಮೂವತ್ತು ಸಿಗುವ ಉಪಾಯವೂ ಇದೆ. ಸಣ್ಣವರಿಗೆ ಅದನ್ನು ಮೊದಲೇ ಹೇಳಿಕೊಟ್ಟರೆ ತಪ್ಪಿಲ್ಲ. ಕೊನಾಮಿ ಕಂಪನಿಯವರು 2019ರಲ್ಲಿ ಹಳೆಯ ಕೋಂಟ್ರಾಗಳನ್ನು ಒಟ್ಟುಗೂಡಿಸಿ ಈಗಿನ ಯಂತ್ರಗಳಿಗೆ ಬಿಡುಗಡೆ ಮಾಡಿದ್ದಾರೆ. ನಿಮ್ಮ ಬಳಿ ನಿಂಟೆಂಡೊದ ಸ್ವಿಚ್ ಯಂತ್ರ ಇರುವುದರಿಂದ ತರುವುದು ಕಷ್ಟವಾಗಲಾರದು.

ಇನ್ನು ಯಾವ ಪಟ್ಟಿಯಲ್ಲಿಯೂ ಹೆಚ್ಚಾಗಿ ಕಾಣದ, ಆದರೆ ನಾನು ಮೊದಲ ಸ್ಥಾನ ಕೊಡುವ ಆಟ ‘ಬ್ಯಾಟಲ್ ಸಿಟಿ’. ನಾವು ಟ್ಯಾಂಕ್ ಆಟ ಎನ್ನುತ್ತಿದ್ದೆವು. ನಾಮ್ಕೊ ಕಂಪನಿ 1985ರಲ್ಲಿ ಜಪಾನಿನಲ್ಲಿ ಹೊರತಂದದ್ದು. ಅಮೆರಿಕದಲ್ಲಿ ಆ ಕಾಲಕ್ಕೆ ಅದು ಮಾರಾಟಕ್ಕೆ ಬರಲಿಲ್ಲ, ಆದ್ದರಿಂದ ಅಲ್ಲಿನವರು ಮಾಡುವ ಪಟ್ಟಿಗಳಲ್ಲಿ ಅದರ ಹೆಸರಿರುವುದಿಲ್ಲ. ನಮಗೆ ಅದು ‘9999 ಆಟಗಳು’ ಎಂದು ಬರೆದಿದ್ದ ಕ್ಯಾಸೆಟ್ಟಿನಲ್ಲಿ ಸಿಕ್ಕಿತು. ಅದರಲ್ಲಿ ಇದ್ದದ್ದು ಕೆಲವೇ ಆಟಗಳು, ಉಳಿದದ್ದೆಲ್ಲ ಅವುಗಳದ್ದೇ ಪುನರಾವರ್ತನೆ. ಒಂದೊಂದು ಸ್ಟೇಜಿನಲ್ಲಿ ಇಪ್ಪತ್ತು ಶತ್ರು ಟ್ಯಾಂಕುಗಳು. ಕೆಳಗೆ ಇಟ್ಟಿಗೆಯ ಗೋಡೆಯೊಳಗೆ ನಮ್ಮ ಹದ್ದು. ಹದ್ದಿಗೆ ಗುಂಡು ತಾಗಿದರೆ, ಅದು ನಾವೇ ಹೊಡೆದ ಗುಂಡಾದರೂ, ಆಟ ಮುಗಿಯಿತು. ಹಾಗಾಗಿ ಒಬ್ಬ ಮುಂದೆ ಹೋದರೆ ಇನ್ನೊಬ್ಬ ಮನೆ ಕಾಯಬೇಕು. ಜೊತೆಗಾರನಿಗೆ ಗುಂಡು ತಾಗಿದರೆ ಅವನು ಸಾಯುವುದಿಲ್ಲ, ಸ್ವಲ್ಪ ಹೊತ್ತು ಮರಗಟ್ಟಿ ನಿಲ್ಲುತ್ತಾನೆ. ಸ್ವಂತ ಸ್ಟೇಜನ್ನು ಇಟ್ಟಿಗೆ, ಉಕ್ಕು, ನೀರು, ಮರ ಇಟ್ಟು ಕಟ್ಟುವ ಸೌಲಭ್ಯವೂ ಅದರಲ್ಲಿದೆ. ಮಾವನ ಮನೆಯ ಕಪ್ಪುಬಿಳುಪು ಟಿವಿಯಲ್ಲಿ ಆಡುವಾಗ ನನಗೆ ಯಾವ ಟ್ಯಾಂಕು ಯಾವ ಬಣ್ಣವೆಂದು ಗೊತ್ತಿರಲಿಲ್ಲ. ಮಿನುಗುವ ಟ್ಯಾಂಕನ್ನು ಹೊಡೆದರೆ ಬಹುಮಾನ ಬರುತ್ತದೆಂದು ಮಾತ್ರ ಗೊತ್ತಿತ್ತು. ಬಣ್ಣವಿಲ್ಲದೆಯೂ ಆ ಆಟ ಪೂರ್ಣವಾಗಿತ್ತು.

ಅಳಿಯ: ಟ್ಯಾಂಕ್ ಆಟವನ್ನು ಸೇರಿಸುತ್ತೇನೆ. ಸೋನಿಕ್ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ನಾನು: ಇರಲಿ. ನೋಡಿದ ಕೂಡಲೇ ಅರ್ಥವಾಗುವ ಆಟ.

ಭಾವ: ಡಕ್ ಹಂಟ್ ವಿಷಯದಲ್ಲಿ ನನ್ನದೊಂದು ದೂರು ಇದೆ. ಹೋದ ವರ್ಷ ಮಗಳಿಗೆಂದು ಆನ್‌ಲೈನಿನಲ್ಲಿ ಹಳೆಯ ಮಾದರಿಯ ಗೇಮ್ ತರಿಸಿದ್ದೆ, ಬಂದೂಕು ಸಮೇತ. ಎಲ್‌ಇಡಿ ಟಿವಿಗೆ ಜೋಡಿಸಿ ಬಾತುಕೋಳಿಗೆ ಮೂತಿ ತಾಗಿಸಿ ಹೊಡೆದರೂ ಒಂದೂ ಬೀಳಲಿಲ್ಲ. ಮಾರಿದವರು ಟಿವಿಯೇ ಸರಿಯಿಲ್ಲ ಎಂದು ಉತ್ತರ ಕೊಟ್ಟು ಕೈತೊಳೆದುಕೊಂಡರು. ಮಗಳು ಬಹಳ ಬೇಸರ ಮಾಡಿಕೊಂಡಳು.

ನಾನು: ನಿಮ್ಮ ಟಿವಿಯಲ್ಲಿ ದೋಷವಿಲ್ಲ ಭಾವ, ಇದನ್ನು ಅವರು ಮಾರುವ ಮೊದಲೇ ಹೇಳಬೇಕಿತ್ತು. ಆ ಬಂದೂಕಿನಿಂದ ಏನೂ ಹೊರಗೆ ಬರುವುದಿಲ್ಲ, ಅದು ಬೆಳಕನ್ನು ನೋಡುವ ಕಣ್ಣು ಮಾತ್ರ. ಕುದುರೆ ಎಳೆದ ಕೂಡಲೇ ಪರದೆ ಕ್ಷಣಮಾತ್ರ ಕಪ್ಪಾಗಿ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿಯ ಚೌಕ ಮೂಡುತ್ತದೆ. ಮೊದಲು ಕತ್ತಲು, ಅನಂತರ ಬೆಳಕು ಕಂಡರೆ ಗುರಿ ತಾಗಿತೆಂದು ಲೆಕ್ಕ. ಬಲ್ಬಿಗೆ ಬಂದೂಕು ಹಿಡಿದು ಮೋಸ ಮಾಡಲಾಗದಿರುವುದು ಆ ಕಪ್ಪು ಕ್ಷಣದಿಂದ. ಪಿಕ್ಚರ್ ಟ್ಯೂಬ್ ಟಿವಿ ಸಂಕೇತ ಬಂದ ಹಾಗೆಯೇ ಗೆರೆಗೆರೆಯಾಗಿ ಚಿತ್ರ ಬಿಡಿಸುತ್ತದೆ, ಆದ್ದರಿಂದ ಸಮಯ ಸರಿಯಾಗಿ ಹೊಂದುತ್ತದೆ. ಎಲ್‌ಇಡಿ ಟಿವಿ ಚಿತ್ರವನ್ನು ಒಳಗೆ ಸಂಸ್ಕರಿಸಿ ತೋರಿಸುವಷ್ಟರಲ್ಲಿ ತುಸು ತಡವಾಗುತ್ತದೆ. ಕಣ್ಣಿಗೆ ತಿಳಿಯದ ಆ ತಡ ಬಂದೂಕಿಗೆ ಸಾಕು. ಮಾರಿಯೋ ಹಾರುವುದು ಕೂಡ ಹೊಸ ಟಿವಿಯಲ್ಲಿ ಬೆರಳಿಗಿಂತ ಹಿಂದೆ ಬಿದ್ದಂತೆ ಅನ್ನಿಸುವುದು ಇದರಿಂದಲೇ. ಟಿವಿಯ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಹಾಕಿದರೆ ಮಾರಿಯೋ ಸರಿಹೋಗುತ್ತಾನೆ, ಬಾತುಕೋಳಿ ಮಾತ್ರ ಬೀಳುವುದಿಲ್ಲ. ಹಳೆಯ ಟಿವಿ ಇಲ್ಲದವರಿಗೆ ಡಕ್ ಹಂಟ್ ಆಡಿ ಎಂದು ಹೇಳುವುದೇ ತಪ್ಪು, ಪಟ್ಟಿಯಲ್ಲಿ ಆ ಒಂದು ಸಾಲನ್ನಾದರೂ ಬರೆಯಬೇಕಿತ್ತು.

ಮಾವ (ಉಪ್ಪಳ): ಎರಡು ದಿನದಿಂದ ಓದುತ್ತಿದ್ದೇನೆ. ಕಪ್ಪುಬಿಳುಪಿನ ಅನಂತರ ತೆಗೆದ ಬಣ್ಣದ ಟಿವಿ ಇನ್ನೂ ಅಟ್ಟದ ಮೇಲೆ ಇದೆ. ಅದು ಪಿಕ್ಚರ್ ಟ್ಯೂಬಿನದ್ದೇ. ನಾಡಿದ್ದು ಗುಜರಿಯವನಿಗೆ ಬರಲು ಹೇಳಿದ್ದೆ.

ಭಾವ: ಅಪ್ಪಾ, ದಯವಿಟ್ಟು ಕೊಡಬೇಡಿ.

ನಾನು: ಮಾವ, ವಿಷು ಕಳೆಯುವವರೆಗಾದರೂ ಇಟ್ಟುಕೊಳ್ಳಿ. ಭಾವನ ಮಗಳು ಆ ಬಂದೂಕನ್ನು ತರಲಿ. ಬಾತುಕೋಳಿ ಬೀಳುವುದನ್ನು ಅವಳು ಒಮ್ಮೆ ನೋಡಬೇಕು.

ಅಕ್ಕ: ನಾನೂ ಅದನ್ನೇ ಹೇಳುತ್ತೇನೆ. ಮಕ್ಕಳ ಸರದಿಯನ್ನು ನೋಡಿಕೊಳ್ಳುವ ಕೆಲಸ ನನಗಿರಲಿ. ಒಬ್ಬರಿಗೆ ಮೂರು ಲೈಫ್, ಆಮೇಲೆ ಎದ್ದು ಜಾಗ ಬಿಡಬೇಕು.

ಮಾವ: ಇವತ್ತು ಕೆಲಸದವರನ್ನು ಕರೆದು ಟಿವಿಯನ್ನು ಕೆಳಗೆ ಇಳಿಸಿದೆ. ಹಿಂಬದಿಯ ವಯರನ್ನು ಇಲಿ ಸ್ವಲ್ಪ ಕಡಿದಿತ್ತು, ಅದನ್ನು ಸರಿಮಾಡಿಸಿದೆ. ಚಾಲೂ ಆಗಿದೆ, ಪರದೆಯ ತುಂಬ ಇರುವೆ ಹರಿದಾಡಿದಂತೆ ಕಾಣುತ್ತದೆ. ಗೇಮಿನಿಂದ ಆಂಟೆನಾದ ತೂತಿಗೆ ಸಿಕ್ಕಿಸುವ ಕೇಬಲ್ ಮಾತ್ರ ಇಲ್ಲಿ ಸಿಗುತ್ತಿಲ್ಲ. ಯಾರ ಮನೆಯಲ್ಲಾದರೂ ಇದ್ದರೆ ಬರುವಾಗ ಹಿಡಿದುಕೊಂಡು ಬನ್ನಿ.

ನಾನು: ನನ್ನಲ್ಲಿದೆ ಮಾವ. ಕ್ಯಾಸೆಟ್ಟಿನ ಜೊತೆ ಒಂದೇ ಡಬ್ಬಿಯಲ್ಲಿ ಕಟ್ಟಿಟ್ಟಿದ್ದೇನೆ.