ಲಸಿಕೆ ‘ಹಾಕುವುದು’ ಸರಿ, ಅದು ‘ಹಿಡಿಯುವುದಕ್ಕೆ’ ಏನನ್ನೋಣ?

ಗೆಳೆಯರೇ,

ದಡಾರ-ರುಬೆಲ್ಲಾ ಲಸಿಕೆ ಬಗ್ಗೆ ತಾಯಂದಿರಿಗೆ ಕೊಡುವ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ವ್ಯಾಕ್ಸಿನ್, ವ್ಯಾಕ್ಸಿನೇಶನ್, ಇಮ್ಯುನೈಸೇಶನ್ ಅಂತ ಮೂರು ಪದಗಳಿವೆ. ಮೊದಲನೆಯದು ಮದ್ದು, ಎರಡನೆಯದು ಅದನ್ನು ಹಾಕುವ ಕೆಲಸ, ಮೂರನೆಯದು ಹಾಕಿದ ಮೇಲೆ ಮೈಗೆ ರೋಗ ತಡೆಯುವ ಶಕ್ತಿ ಬರುವುದು. ನಮ್ಮಲ್ಲಿ ಮೂರಕ್ಕೂ ಲಸಿಕೆಯೇ. ಕರಡಿನಲ್ಲಿ ಒಂದು ವಾಕ್ಯ “ಲಸಿಕೆ ಹಾಕಿದ ಮಾತ್ರಕ್ಕೆ ಲಸಿಕೆ ಆದಂತಲ್ಲ” ಅಂತ ಬಂತು. ಓದಿದ ಆಶಾ ಕಾರ್ಯಕರ್ತೆ ನಕ್ಕುಬಿಟ್ಟರು.

ಇದು ಸುಮ್ನೆ ಪಂಡಿತರ ಜಗಳ ಅಲ್ಲ. ದಡಾರದ ಮೊದಲ ಡೋಸ್ ಮಗುವಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ. ಆ ವಯಸ್ಸಿನಲ್ಲಿ ಹಾಕಿದರೆ 100 ಮಕ್ಕಳಲ್ಲಿ ಸುಮಾರು 85 ಮಕ್ಕಳಿಗೆ ರಕ್ಷಣೆ ಸಿಗುತ್ತದೆ. ತಾಯಿಯಿಂದ ಬಂದ ರೋಗನಿರೋಧಕ ಅಂಶ ಕೆಲವು ಮಕ್ಕಳ ರಕ್ತದಲ್ಲಿ ಇನ್ನೂ ಉಳಿದಿದ್ದು ಲಸಿಕೆಗೇ ಅಡ್ಡ ಬರುತ್ತದೆ. ಅದಕ್ಕೇ 16ರಿಂದ 24 ತಿಂಗಳೊಳಗೆ ಇನ್ನೊಂದು ಡೋಸ್. ತಾಯಿ ಕಾರ್ಡಿನಲ್ಲಿ ಮೊದಲನೆಯದು ಬರೆದ ಕೂಡಲೇ “ನಮ್ ಮಗೂಗೆ ಆಯ್ತು” ಅನ್ನುವವರು ಜಾಸ್ತಿ. ಅವರಿಗೆ ಇದನ್ನು ಒಂದೇ ಸಾಲಲ್ಲಿ ಹೇಳಬೇಕು.

‘ಪ್ರತಿರಕ್ಷಣೆ’, ‘ಲಸಿಕೀಕರಣ’ ಎರಡನ್ನೂ ನೋಡಿದ್ದೇನೆ. ಎರಡನೆಯದು ಬಾಯಲ್ಲಿ ಹೊರಳುವುದೇ ಇಲ್ಲ. ‘ಚುಚ್ಚುಮದ್ದು’ ಚೆಂದದ ಪದ, ಆದರೆ ಪೋಲಿಯೋ ಹನಿಯನ್ನು ಯಾರೂ ಚುಚ್ಚುವುದಿಲ್ಲವಲ್ಲ.

ಲಸಿಕೆಯ ಮೂಲವೂ ಕುತೂಹಲದ್ದೇ. ಸಂಸ್ಕೃತದ ಲಸೀಕಾ ಅಂದರೆ ಮೈಯೊಳಗಿನ ನೀರಿನಂಥ ರಸ. ಹಿಂದಿಯಲ್ಲಿ ಇವತ್ತಿಗೂ ಲಸೀಕಾ ಅಂದರೆ ನಾವು ದುಗ್ಧರಸ ಅನ್ನುವುದು. ಸಿಡುಬಿನ ಕಾಲದಲ್ಲಿ ಕರುವಿನ ಚರ್ಮದ ಮೇಲೆ ಗುಳ್ಳೆ ಎಬ್ಬಿಸಿ, ಕೆರೆದು ತೆಗೆದದ್ದನ್ನೇ ಜನರ ತೋಳಿಗೆ ಹಾಕುತ್ತಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ ‘ಲಿಂಫ್’ ಅನ್ನುತ್ತಿದ್ದರು, ಅಂದರೆ ಇದೇ ದುಗ್ಧರಸದ ಹೆಸರು. ನಮ್ಮ ಲಸಿಕೆ ಆ ದಾರಿಯಲ್ಲೇ ಬಂದಿರಬೇಕು ಅಂತ ನನ್ನ ಊಹೆ, ಮರಾಠಿಯ ‘ಲಸ್’ ಕೂಡ. (ಬೆಳಗಾವಿಯಲ್ಲಿ ಈ ಮದ್ದು ತಯಾರಾಗುತ್ತಿತ್ತು. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ವಾಕಿಂಗ್ ಮಾಡುವ ಎಷ್ಟು ಜನ ಆ ಹೆಸರಿನ ಬಗ್ಗೆ ಯೋಚಿಸಿದ್ದಾರೋ!)

ಈಗ ನನ್ನ ಪ್ರಶ್ನೆ. ಸಿಡುಬಿನ ಲಸಿಕೆ ಕೆಲಸ ಮಾಡಿದ್ದು ಕಣ್ಣಿಗೇ ಕಾಣುತ್ತಿತ್ತು. ಹಾಕಿದ ಜಾಗದಲ್ಲಿ ಕೆಲವು ದಿನಕ್ಕೆ ಗುಳ್ಳೆ ಏಳುತ್ತಿತ್ತು. ವಾರದ ಹೊತ್ತಿಗೆ ಕೀವು ತುಂಬಿ, ಆಮೇಲೆ ಹಕ್ಕಳೆ ಕಟ್ಟಿ ಉದುರಿ, ಕಲೆ ಉಳಿಯುತ್ತಿತ್ತು. ಗುಳ್ಳೆ ಏಳದಿದ್ದರೆ ಮತ್ತೆ ಹಾಕಬೇಕು. ಅಂದರೆ ಹಾಕುವುದು ಬೇರೆ, ಮೈ ಅದನ್ನು ಒಪ್ಪಿಕೊಳ್ಳುವುದು ಬೇರೆ ಅಂತ ಮನೆಯವರಿಗೂ ಗೊತ್ತಿತ್ತು. ಅದಕ್ಕೊಂದು ಮಾತೂ ಇದ್ದಿರಲೇಬೇಕು, ಅಲ್ವಾ? ನಮ್ಮಜ್ಜಿ ‘ದಾಕು ಹಾಕ್ಸೋದು’ ಅನ್ನುತ್ತಿದ್ದರು. ಉತ್ತರ ಕರ್ನಾಟಕದ ಗೆಳೆಯರಿಂದ ‘ದೇವಿ ಹಾಕಸೂದು’ ಕೇಳಿದ್ದೇನೆ. ಆದರೆ ದಾಕು ಹಾಕಿಸಿ ವಾರವಾದ ಮೇಲೆ ಪಕ್ಕದ ಮನೆಯವರು ಏನಂತ ಕೇಳುತ್ತಿದ್ದರು? ‘ಎದ್ದಿತಾ’ ಅಂತಲೋ, ‘ಹಿಡೀತಾ’ ಅಂತಲೋ?

ನನ್ನ ಒಲವು ‘ಹಿಡಿ’ ಕಡೆಗೆ. ಮಾವಿನ ಕಸಿ ಹಿಡಿಯುತ್ತದೆ ಅನ್ನುವ ಹಾಗೆ. “ಮೊದಲ ಸಲ ಹಾಕಿದ್ದು ಎಲ್ಲ ಮಕ್ಕಳಿಗೂ ಹಿಡಿಯುವುದಿಲ್ಲ, ಎರಡನೆಯದನ್ನೂ ತಪ್ಪದೆ ಹಾಕಿಸಿ” ಅಂತ ಬರೆದು ತೋರಿಸಿದೆ. ಆಶಾ ಅವರಿಗೆ ತಕ್ಷಣ ಅರ್ಥವಾಯಿತು. ಆದರೆ ಅವರೇ ಒಂದು ಕೊಕ್ಕೆಯನ್ನೂ ಹಾಕಿದರು: “ಜ್ವರಾನೂ ಹಿಡಿಯುತ್ತೆ, ದೆವ್ವಾನೂ ಹಿಡಿಯುತ್ತೆ. ಮೊದಲೇ ಸೂಜಿ ಅಂದ್ರೆ ಹೆದರೋರು ಏನಂದ್ಕೋತಾರೆ?” ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಭಾರತದಲ್ಲಿ ಸಿಡುಬು ನಿಂತದ್ದು 1975ರಲ್ಲಿ. ತೋಳಿನ ಮೇಲೆ ಆ ಕಲೆ ಇರುವ ಹಿರಿಯರು ಮನೆಯಲ್ಲಿದ್ದರೆ ದಯವಿಟ್ಟು ಕೇಳಿ ಬರೆಯಿರಿ. ಒಂಟಿ ಪದಕ್ಕಿಂತ ಅವರು ಆಡಿದ ಇಡೀ ಮಾತು ಬೇಕು, ಯಾವ ಜಿಲ್ಲೆ ಅನ್ನುವುದೂ ಇರಲಿ.