ತಾಯಿಗೆ ಬಿ.ಪಿ., ಶುಗರ್, ಸ್ಟೆಂಟ್: ಮೂರು ವರ್ಷ ಕಾಯೋ ಪಾಲಿಸಿ ತಗೋಬೇಕಾ, ಆ ಕಾಯೋ ಅವಧಿನ್ನೇ ಸರ್ಕಾರ ತೆಗೀಬೇಕಾ?

ಆನೆಗೊಂದಿ ದಾರಿ (ಗಂಗಾವತಿ)
ನಮಸ್ಕಾರ್ರಿ. ತಾಯಿಗೆ 61. ಬಿ.ಪಿ., ಶುಗರ್ ಮೊದಲಿಂದನೂ ಐತಿ, ಹೋದ ವರ್ಷ ಒಂದು ಸ್ಟೆಂಟ್ ಹಾಕ್ಯಾರ. ಈಗಿರೋದು ನನ್ನ ಕಂಪನಿಯ ಗ್ರೂಪ್ ಪಾಲಿಸಿ, ಕೆಲಸ ಬಿಡಾಕತ್ತೀನಿ. ಮನಿಯಾಗ ಎ.ಪಿ.ಎಲ್. ಕಾರ್ಡ್. ಹೊಸ ಪಾಲಿಸಿ ಕೇಳಿದ್ರ ಮೊದಲಿದ್ದ ರೋಗಕ್ಕ ಮೂರು ವರ್ಷ ಕಾಯ್ರಿ ಅಂತಾರ. ಏನು ಮಾಡ್ಲಿ? ಈ ಕಾಯೋ ಅವಧಿ ಇರಬೇಕು, ಇರಬಾರದು ಅನ್ನೋರು ಇಬ್ಬರೂ ಹೇಳ್ರಿ.

ಕೋಟೆ ಬೆಟ್ಟ (ಬಳ್ಳಾರಿ)
ಪಾಲಿಸಿ ತಗೊಳ್ಳಿ, ಎರಡನೇ ಮಾತು ಬೇಡ. 2024ರ ಏಪ್ರಿಲ್‌ನಿಂದ ಐ.ಆರ್.ಡಿ.ಎ.ಐ. (ವಿಮಾ ಕಂಪನಿಗಳನ್ನ ನಿಯಂತ್ರಿಸೋ ಪ್ರಾಧಿಕಾರ) ನಿಯಮ ಬದಲಾಗಿದೆ. ಮೊದಲೇ ಇದ್ದ ರೋಗಕ್ಕೆ ಕಾಯೋದು ಹೆಚ್ಚೆಂದರೆ 36 ತಿಂಗಳು, ಹಿಂದೆ 48 ಇತ್ತು. ಸತತ 60 ತಿಂಗಳು ಕಟ್ಟಿದ ಮೇಲೆ "ರೋಗ ಮುಚ್ಚಿಟ್ರಿ" ಅಂತ ಕ್ಲೇಮ್ ತಳ್ಳೋ ಹಾಗಿಲ್ಲ, ವಂಚನೆ ಸಾಬೀತಾದ್ರೆ ಮಾತ್ರ. ಇದೂ ಹಿಂದೆ 8 ವರ್ಷ ಇತ್ತು. ವೈಯಕ್ತಿಕ ಪಾಲಿಸಿಗೆ 18% ಜಿ.ಎಸ್.ಟಿ. ಇತ್ತಲ್ಲ, 2025ರ ಸೆಪ್ಟೆಂಬರ್ 22ರಿಂದ ಅದು ಸೊನ್ನೆ. 60 ದಾಟಿದವರ ಪ್ರೀಮಿಯಂ ವರ್ಷಕ್ಕೆ 10% ಮೀರಿ ಏರಿಸಬೇಕಂದ್ರೆ ಕಂಪನಿ ಐ.ಆರ್.ಡಿ.ಎ.ಐ. ಮುಂದೆ ಹೋಗಬೇಕು. ಇಷ್ಟೆಲ್ಲ ಆದ ಮೇಲೂ ಸರ್ಕಾರಿ ಕಾರ್ಡ್ ನಂಬಿ ಕೂರೋದು ತಪ್ಪು.

ಆದ್ರೆ ಫಾರ್ಮ್‌ನಲ್ಲಿ ಎಲ್ಲವನ್ನೂ ಬರೀರಿ. "ಶುಗರ್ ಬರೀಬೇಡಿ, ಪ್ರೀಮಿಯಂ ಏರುತ್ತೆ" ಅನ್ನೋ ಏಜೆಂಟನ್ನ ಅಲ್ಲಿಗೇ ಬಿಡಿ. ಕ್ಲೇಮ್ ಬಿದ್ದುಹೋಗೋದು ಕೇಸ್ ಶೀಟ್‌ನ ಮೊದಲ ಪುಟದಲ್ಲಿ. ಎಮರ್ಜೆನ್ಸಿಯಲ್ಲಿ ಡ್ಯೂಟಿ ಡಾಕ್ಟರ್ ಕೇಳ್ತಾರೆ, ಜೊತೆಗೆ ಬಂದೋರು ಗಾಬರಿಯಲ್ಲಿ "ಹತ್ತು ವರ್ಷದಿಂದ ಶುಗರ್ ಐತೆ" ಅಂದುಬಿಡ್ತಾರೆ, ಅದು ಹಾಗೇ ಬರಹಕ್ಕೆ ಇಳಿಯುತ್ತೆ. ಫಾರ್ಮ್‌ನಲ್ಲಿ ಆರು ವರ್ಷ ಅಂತ ಇದ್ರೆ ಆ ಒಂದು ಸಾಲು ಹಿಡಿದು ಟಿ.ಪಿ.ಎ. (ಕಂಪನಿ ಪರವಾಗಿ ಕ್ಲೇಮ್ ನೋಡೋ ಸಂಸ್ಥೆ) ಕ್ಯಾಶ್‌ಲೆಸ್ ನಿಲ್ಲಿಸುತ್ತೆ. ಆಮೇಲೆ ಮೊದಲ ಸಲ ಶುಗರ್ ಪತ್ತೆಯಾದ ಚೀಟಿ, ಲ್ಯಾಬ್ ರಿಪೋರ್ಟು, ಡಾಕ್ಟರ ಸಹಿ-ಸೀಲಿನ ಪತ್ರ ಎಲ್ಲ ಜೋಡಿಸಿ ಕೊಡಬೇಕು. ಹಳೇ ಚೀಟಿ ಎಸೀಬೇಡಿ.

ತೋರಣಗಲ್ಲು ಶಿಫ್ಟ್
ಆ 36 ತಿಂಗಳು ಪ್ರೀಮಿಯಂ ಪೂರ್ತಿ ತಗೊಂತಾರೆ, ಹಾರ್ಟಿಗೆ ಮಾತ್ರ ಕೊಡಲ್ಲ. ಸ್ಟೆಂಟ್ ಹಾಕಿಸ್ಕೊಂಡೋರಿಗೆ ಬೇಕಾಗಿರೋದೇ ಹಾರ್ಟಿನ ರಕ್ಷಣೆ. ಇದನ್ನ ವಿಮೆ ಅಂತ ಹೆಂಗಾರ ಕರೀತೀರಿ? ಇ.ಎಸ್.ಐ. (ಕಾರ್ಮಿಕರ ಸರ್ಕಾರಿ ವಿಮೆ) ನೋಡಿ. ಸಂಬಳ 21,000 ಒಳಗಿದ್ರೆ ಕಾರ್ಮಿಕರದ್ದು 0.75%, ಮಾಲೀಕರದ್ದು 3.25%, ಹಳೇ ರೋಗ ಅಂತ ಯಾರೂ ಕೇಳಲ್ಲ. ತಂದೆತಾಯಿ ಆದಾಯ ತಿಂಗಳಿಗೆ 9,000 ದಾಟದಿದ್ರೆ ಅವರೂ ಒಳಗೆ. ಸಂಬಳ ನಡುವೆ 21,000 ದಾಟಿದ್ರೂ ಆ ಕಂತಿನ ಅವಧಿ, ಅಂದ್ರೆ ಏಪ್ರಿಲ್‌ನಿಂದ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಿಂದ ಮಾರ್ಚ್, ಮುಗಿಯೋ ತನಕ ಕಟ್ ಆಗ್ತಲೇ ಇರ್ತದೆ, ರಕ್ಷಣೆನೂ ಇರ್ತದೆ. ಎಚ್.ಆರ್.ನವರು "ನಿಂದು ಮುಗೀತು" ಅಂದ್ರೆ ನಂಬಬೇಡಿ. ಗುತ್ತಿಗೆ ಕಾರ್ಮಿಕರಿಗೆ ಸಿಗೋದು ಪ್ರೈವೇಟ್ ಕಂಪನಿ ಕೈಲಿ ಯಾಕಾಗಲ್ಲ? ಕಾಯೋ ಅವಧಿನ್ನ ಕಾನೂನಿಂದಲೇ ತೆಗೀಬೇಕು.

ಕೋಟೆ ಬೆಟ್ಟ
ಇ.ಎಸ್.ಐ.ನಲ್ಲಿ ಎಲ್ಲರ ಸಂಬಳದಿಂದಲೂ ಕಡ್ಡಾಯವಾಗಿ ಕಟ್ ಆಗುತ್ತೆ, ಅದಕ್ಕೇ ನಡೆಯುತ್ತೆ. ಪ್ರೈವೇಟ್‌ನಲ್ಲಿ ಕಡ್ಡಾಯ ಇಲ್ಲ. ಎದೆ ನೋವು ಬಂದ ದಿನ ಪಾಲಿಸಿ ತಗೊಂಡು ಮರುದಿನ ಆಂಜಿಯೋಪ್ಲಾಸ್ಟಿ ಮಾಡಿಸ್ಕೊಂಡ್ರೆ ಆ ದುಡ್ಡು ಯಾರು ಕೊಡ್ತಾರೆ? ಇಪ್ಪತ್ತು ವರ್ಷದಿಂದ ಕಟ್ಟಿದೋರು. ಸ್ವಲ್ಪ ಲೆಕ್ಕ ಹಾಕಿ ಮಾತಾಡಿ ಸ್ವಾಮಿ.

ಸಿಂಧನೂರು ಎಡದಂಡೆ
ಇಬ್ಬರೂ ಬಡವರ ಮಾತೇ ಎತ್ತಲಿಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಾಗ ಬಿ.ಪಿ.ಎಲ್. ಕುಟುಂಬಕ್ಕ ವರ್ಷಕ್ಕ 5 ಲಕ್ಷ, ಹಳೇ ರೋಗಕ್ಕೂ ಮೊದಲ ದಿನದಿಂದಲೇ. ವಾಜಪೇಯಿ ಆರೋಗ್ಯಶ್ರೀ 2010ರಾಗ ಶುರುವಾಗಿದ್ದೇ ನಮ್ಮ ಗುಲ್ಬರ್ಗಾ ವಿಭಾಗದಿಂದ, ಅದರಾಗ ಹೃದಯ, ಕಿಡ್ನಿ, ಕ್ಯಾನ್ಸರ್ ಎಲ್ಲಾ ಇತ್ತು. ಆಗ ಯಾರಿಗೂ ಮೂರು ವರ್ಷ ಕಾಯ್ರಿ ಅಂದಿಲ್ಲ. 2024ರ ಚುನಾವಣ್ಯಾಗ ಕಾಂಗ್ರೆಸ್ ರಾಜಸ್ಥಾನದ ಮಾದರಿ 25 ಲಕ್ಷದ ಕ್ಯಾಶ್‌ಲೆಸ್ ಅಂತು, ಬಿಜೆಪಿ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಅಂತು, ಅದನ್ನ ಅಕ್ಟೋಬರ್ 29ಕ್ಕ ಶುರು ಮಾಡ್ತು. ಎರಡೂ ಪಕ್ಷ ಒಪ್ಪಿದ ಮಾತು ಒಂದೇ: ಹಳೇ ರೋಗ ಇದ್ದೋರನ್ನ ಹೊರಗಿಡಬಾರದು. ಹಂಗಾದ್ರ ಕಂಪನಿಗಳಿಗೆ ಯಾಕ ಈ ರಿಯಾಯಿತಿ?

ಕೃಷ್ಣಾ ತೀರ (ರಾಯಚೂರು)
ಅಣ್ಣಾ, ಕೇಳಿದೋರು ಎ.ಪಿ.ಎಲ್., ತಾಯಿಗೆ 61. ಎ.ಪಿ.ಎಲ್.ಗೆ ಸರ್ಕಾರ ಕೊಡೋದು ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನ್ಯಾಗ ಗೊತ್ತು ಮಾಡಿದ ದರ) 30%, ವರ್ಷಕ್ಕ ಒಂದೂವರೆ ಲಕ್ಷದ ಮಿತಿ. ಪ್ಯಾಕೇಜ್ 1 ಲಕ್ಷ ಅಂದ್ರ 30 ಸಾವಿರ ಅವರದ್ದು, 70 ಸಾವಿರ ಕೈಯಿಂದ. ಎಮರ್ಜೆನ್ಸಿ ಬಿಟ್ರ ಮೊದಲು ಸರ್ಕಾರಿ ಆಸ್ಪತ್ರಿಗೆ ಹೋಗಿ ರೆಫರಲ್ ಬರೆಸ್ಕೋಬೇಕು. ಅದಿಲ್ದ ಸೀದಾ ಪ್ರೈವೇಟ್‌ಗೆ ಅಡ್ಮಿಟ್ ಆದ್ರ ಆಸ್ಪತ್ರ್ಯಾಗ ಯೋಜನೆಗೆ ಸಹಾಯ ಮಾಡೋ ಆರೋಗ್ಯಮಿತ್ರರ ಕೈಲೂ ಏನೂ ಆಗಲ್ಲ.

ಕಾನೂನಿಂದ ತೆಗೀರಿ ಅನ್ನೋರು ಅಮೆರಿಕದ ವಾಷಿಂಗ್ಟನ್ ರಾಜ್ಯ ನೋಡ್ರಿ. 1993ರಾಗ ಹಳೇ ರೋಗ ಇದ್ರೂ ಪಾಲಿಸಿ ಕೊಡ್ಬೇಕು, ಎಲ್ಲರೂ ತಗೋಬೇಕು ಅಂತ ಒಟ್ಟಿಗೇ ಕಾನೂನು ತಂದ್ರು. 1995ರಾಗ ಎಲ್ಲರೂ ತಗೋಬೇಕು ಅನ್ನೋ ಭಾಗ ತೆಗೆದುಬಿಟ್ರು. ರೋಗ ಇದ್ದೋರಷ್ಟೇ ಸೇರಿದ್ರು, ಪ್ರೀಮಿಯಂ ಏರ್ತು, 1999ರ ಹೊತ್ತಿಗೆ ಹೊಸ ವೈಯಕ್ತಿಕ ಪಾಲಿಸಿ ಮಾರೋ ಕಂಪನಿನೇ ಸಿಗದಂಗಾಯ್ತು. ಒಬಾಮಾ 2010ರಾಗ ಎರಡನ್ನೂ ಕಟ್ಟಿ ತಂದದ್ದು ಅದಕ್ಕೇ. ಹಳೇ ರೋಗದ ನೆಪಕ್ಕ ತಡೆ 2014ರ ಜನವರಿ 1ರಿಂದ ಜಾರಿ, ಪಾಲಿಸಿ ಇಲ್ದೋರಿಗೆ ದಂಡನೂ ಅವತ್ತಿಂದಲೇ.

ತೋರಣಗಲ್ಲು ಶಿಫ್ಟ್
ಅರ್ಧ ಹೇಳಿ ನಿಲ್ಲಿಸಬೇಡಿ. ಆ ದಂಡನ್ನ 2019ರಿಂದ ಸೊನ್ನೆ ಮಾಡಿದ್ರು, ಆದ್ರೂ ಮಾರುಕಟ್ಟೆ ಕುಸೀಲಿಲ್ಲ. ಯಾಕಂದ್ರೆ ಕಡಿಮೆ ಆದಾಯದೋರ ಪ್ರೀಮಿಯಂನಲ್ಲಿ ಸರ್ಕಾರ ಪಾಲು ಕೊಡ್ತಿತ್ತು. ಕಡ್ಡಾಯ ಬೇಕು ಅಂತಿಲ್ಲ, ಸರ್ಕಾರದ ದುಡ್ಡು ಬೇಕು. 2017ರ ಜುಲೈನಲ್ಲಿ ಒಬಾಮಾ ಕಾನೂನು ಕೆಡವೋಕೆ ರಿಪಬ್ಲಿಕನ್ನರು ತಂದ ಮಸೂದೆಗೆ ಅವರದೇ ಪಕ್ಷದ ಸೆನೆಟರ್ ಮೆಕೇನ್ ವಿರುದ್ಧ ಮತ ಹಾಕಿದ್ರು, 49-51ಕ್ಕೆ ಬಿತ್ತು.

ಕೋಟೆ ಬೆಟ್ಟ
ಸರ್ಕಾರದ ದುಡ್ಡು ಅಂದ್ರೆ ನಮ್ಮ ತೆರಿಗೆ. ಪ್ರೀಮಿಯಂ ನಾನೇ ಕಟ್ಟಿ, ತೆರಿಗೆನೂ ನಾನೇ ಕಟ್ಟಬೇಕಾ?

ಕುಷ್ಟಗಿ ಬೋರ್‌ವೆಲ್
ನಮ್ಮ ಕಡಿ ಬೋರ್ ನೀರಾಗ ಫ್ಲೋರೈಡ್ ಐತಿ. ಹುಡುಗರ ಹಲ್ಲಿನಾಗ ಕಲೆ, ವಯಸ್ಸಾದೋರಿಗೆ ಬೆನ್ನು ಬಗ್ಗಾಂಗಿಲ್ಲ. ಅದೂ ನಾಳೆ ಫಾರ್ಮಿನಾಗ "ಮೊದಲೇ ಇದ್ದ ರೋಗ" ಆಗ್ತೈತಿ. ಆ ನೀರು ಕುಡಿಸಿದ್ದು ಯಾರು? ತೆರಿಗಿ ಲೆಕ್ಕ ಹೇಳೋರು ಇದಕ್ಕ ಉತ್ತರ ಕೊಡ್ರಿ.

ಕೋಟೆ ಬೆಟ್ಟ
ಕುಡಿಯೋ ನೀರು ಸರ್ಕಾರದ ಕೆಲಸ, ವಿಮೆ ಕಂಪನಿ ಕೆಲಸ ಅಲ್ಲ. ಎರಡನ್ನೂ ಕಲಸಬೇಡಿ.

ಸಿಂಧನೂರು ಎಡದಂಡೆ
ಕಲಸ್ತೀವ್ರಿ. ನಮ್ಮ ಭಾಗಕ್ಕ ಸಂವಿಧಾನದ 371(ಜೆ) ವಿಶೇಷ ಸ್ಥಾನಮಾನ ಕೊಟ್ಟಿದ್ದು ಇಲ್ಲಿ ಹಿಂದುಳಿದಿದ್ದಕ್ಕೇ ಅಲ್ಲೇನು? ಬೆಂಗಳೂರಿನ ಲೆಕ್ಕ ಬಳ್ಳಾರಿಯಾಗ ಕುಂತು ಹೇಳಬ್ಯಾಡ್ರಿ.

ಹಿರೇಹಳ್ಳ (ಕೊಪ್ಪಳ)
ಕೇಳಿದಾಕಿಗೆ ಬೇಕಾದದ್ದನ್ನ ಯಾರೂ ಹೇಳವಲ್ರಿ. ಅಕ್ಕಾರ, ಗ್ರೂಪ್ ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಮೈಗ್ರೇಷನ್ (ವರ್ಗಾವಣೆ) ಕೇಳ್ರಿ. ತಾಯಿ ಹೆಸರು ಗ್ರೂಪಿನಾಗ ಸತತ ಎಷ್ಟು ವರ್ಷ ಐತೋ ಅಷ್ಟು ಕಾಯೋ ಅವಧಿಯಾಗ ವಜಾ ಆಗ್ತೈತಿ. ಆದ್ರ ಹಳೇ ಮೊತ್ತದಷ್ಟಕ್ಕ ಮಾತ್ರ. ಗ್ರೂಪಿನಾಗ 3 ಲಕ್ಷ ಇದ್ದು ಈಗ 10 ಲಕ್ಷ ತಗೊಂಡ್ರ, ಮ್ಯಾಲಿನ 7 ಲಕ್ಷಕ್ಕ ಮತ್ತ ಮೊದಲಿಂದ ಎಣಿಕಿ. ಸ್ಟೆಂಟ್ ನೋಡಿ ಕಂಪನಿ ಲೋಡಿಂಗ್ (ಹೆಚ್ಚುವರಿ ಪ್ರೀಮಿಯಂ) ಹಾಕಬಹುದು, ಬ್ಯಾಡ ಅಂತನೂ ಅನ್ನಬಹುದು. ಅದಕ್ಕ ಬಾಯಿಮಾತಿನ ಉತ್ತರ ತಗೋಬ್ಯಾಡ್ರಿ, ಈಮೇಲ್‌ನಾಗ ಕಾರಣ ಕೇಳ್ರಿ.

ಎಚ್.ಆರ್. ಹತ್ರ ಪ್ರತಿ ವರ್ಷದ ಇ-ಕಾರ್ಡ್, ತಾಯಿ ಹೆಸರು ಸೇರಿದ ತಾರೀಖಿನ ಪತ್ರ ಈಗಲೇ ತಗೊಳ್ರಿ. ಕೆಲಸ ಬಿಟ್ಟ ಮ್ಯಾಲ ಲಾಗಿನ್ ಬಂದ್ ಆಗ್ತೈತಿ, ಆಮ್ಯಾಲ ಎಣಿಕಿ ತೋರಿಸಾಕ ಕಾಗದ ಇರಂಗಿಲ್ಲ. ರೂಮ್ ಬಾಡಿಗಿ ಮಿತಿನೂ ನೋಡ್ರಿ. ದಿನಕ್ಕ 4,000 ಮಿತಿ ಇದ್ದು 6,000ದ ರೂಮ್ ಹಿಡಿದ್ರ, ಡಾಕ್ಟರ್ ಫೀ, ಓ.ಟಿ. ಚಾರ್ಜಿನಾಗೂ ಮೂರನೇ ಒಂದು ಪಾಲು ಕಡಿತಾರ. ಔಷಧಿ, ಸ್ಟೆಂಟ್, ಟೆಸ್ಟಿಗೆ ಆ ಕಡಿತ ಹಾಕಂಗಿಲ್ಲ. ಹಾಕಿದ್ರ ಮೊದಲು ಕಂಪನಿಗೆ ಬರೀರಿ, 30 ದಿನದಾಗ ಸರಿಯಾದ ಉತ್ತರ ಬರ್ಲಿಲ್ಲ ಅಂದ್ರ ಬೆಂಗಳೂರಿನ ವಿಮಾ ದೂರು ಕೇಳೋ ಅಧಿಕಾರಿ, ಅಂದ್ರ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗ ಹಾಕ್ರಿ. ಫೀ ಇಲ್ಲ, ವಕೀಲರೂ ಬ್ಯಾಡ, 50 ಲಕ್ಷದ ತನಕ ಕೇಳಬಹುದು.

ನಿಮ್ಮ ಕೆಲಸದ ಕೊನೇ ದಿನ ಯಾವತ್ತು? ತಾಯಿ ಹೆಸರು ಗ್ರೂಪಿನಾಗ ಯಾವ ವರ್ಷ ಸೇರ್ತು? ಅದನ್ನ ಮೊದಲು ಹೇಳ್ರಿ.