ಬೆಳಗಿನ ಜಾವ ಬೆಕ್ಕಿನ ಕಾಟ, ಏನು ಮಾಡೋದು?

ಪ್ರಶ್ನೆ:
ನಮ್ಮ ಗಂಡು ಬೆಕ್ಕು ದಿನಾ ಬೆಳಗಿನ ಜಾವ ಎದೆ ಮೇಲೆ ಹತ್ತಿ ಕೂರುತ್ತದೆ. ಏಳದಿದ್ದರೆ ಮೂಗು ನೆಕ್ಕುತ್ತದೆ, ಅದಕ್ಕೂ ಜಗ್ಗದಿದ್ದರೆ ನನ್ನ ಮುಖ ನೋಡುತ್ತಲೇ ಮೇಜಿನಿಂದ ಕನ್ನಡಕ ಕೆಳಗೆ ತಳ್ಳುತ್ತದೆ. ಬಟ್ಟಲು ತುಂಬಿಸಿದರೆ ಎರಡು ತುತ್ತು ತಿಂದು ಮಲಗಿಬಿಡುತ್ತದೆ, ನಿದ್ದೆ ಕೆಡೋದು ನಂದು. ಈಗ ಉಚ್ಚೆಗೆಂದು ಇಟ್ಟಿರುವ ಮರಳಿನ ಟ್ರೇ ಬಿಟ್ಟು ಪಕ್ಕದಲ್ಲೇ ಉಚ್ಚೆ ಬೇರೆ. ಬೇಕಂತಲೇ ಮಾಡುತ್ತಿದೆಯಾ?

ಉತ್ತರ 1:
ಬೆಕ್ಕುಗಳು ಮುಂಜಾವು, ಮುಸ್ಸಂಜೆಯಲ್ಲೇ ಜಾಸ್ತಿ ಚುರುಕು. ಅದು ಅವುಗಳ ಬೇಟೆಯ ಹೊತ್ತು. ಕೂಗಿದಾಗೆಲ್ಲ ಎದ್ದು ಊಟ ಹಾಕಿ ಅಭ್ಯಾಸ ಮಾಡಿಸಿದ್ದು ನೀವೇ ಅಲ್ವಾ? ಮಲಗುವ ಮುಂಚೆ ಚೆನ್ನಾಗಿ ಓಡಾಡಿಸಿ, ಆಮೇಲೆ ಊಟ ಹಾಕಿ. ಬೆಳಗಿನ ಜಾವ ಕೂಗಿದರೆ ಏಳಬೇಡಿ. ಮೊದಮೊದಲು ಕೂಗಾಟ ಹೆಚ್ಚಾಗುತ್ತದೆ, ಆಗ ಸೋತು ಒಂದು ಸಲ ಎದ್ದಿರೋ, ಇನ್ನೂ ಜೋರಾಗಿ ಕೂಗಿದರೆ ಸಾಕು ಅಂತ ಕಲಿತುಬಿಡುತ್ತದೆ.

ಉತ್ತರ 2:
ನಿದ್ದೆ ವಿಷಯ ಆಮೇಲೆ, ಉಚ್ಚೆ ಕಡೆ ಮೊದಲು ಗಮನ ಕೊಡಿ. ಗಂಡು ಬೆಕ್ಕಿಗೆ ಮೂತ್ರನಾಳ ಬಹಳ ಸಪೂರ, ಕಟ್ಟಿಕೊಳ್ಳೋದು ಸುಲಭ. ಪದೇ ಪದೇ ಕೂತು ತಿಣುಕಿದರೂ ಹನಿ ಬರುತ್ತಿಲ್ಲ ಅಂದರೆ ನಾಳೆಗೆ ಅಂತ ಕಾಯಬೇಡಿ, ತಕ್ಷಣ ಡಾಕ್ಟರಿಗೆ ತೋರಿಸಿ, ಜೀವಕ್ಕೇ ಅಪಾಯ. ಆರೋಗ್ಯ ಸರಿ ಇದ್ದರೆ ಟ್ರೇ ದಿನಾ ಶುಚಿ ಮಾಡಿ, ವಾಸನೆಯ ಪುಡಿ ಹಾಕಬೇಡಿ. ಸೇಡು ಗೀಡು ಏನೂ ಇಲ್ಲ.

ಉತ್ತರ 3:
ಟೈಮರ್ ಇರುವ ಫೀಡರ್ ಇಡಿ, ಹೊತ್ತಿಗೆ ಸರಿಯಾಗಿ ಅದೇ ಊಟ ಹಾಕುತ್ತದೆ. ನಮ್ಮದು ಈಗ ನನ್ನನ್ನು ಬಿಟ್ಟು ಆ ಮಷಿನ್‌ಗೆ ಬೈಯುತ್ತದೆ.

ಪ್ರಶ್ನೆ ಕೇಳಿದವರು:
ಉಚ್ಚೆ ಸರಾಗವಾಗಿ ಹೋಗುತ್ತಿದೆ, ಆದರೂ ಇವತ್ತೇ ತೋರಿಸುತ್ತೇನೆ. ಕರೆದೊಯ್ಯುವ ಬುಟ್ಟಿ ಕಂಡ ಕೂಡಲೇ ಮಂಚದ ಕೆಳಗೆ ಸೇರಿಕೊಂಡಿದೆ!

ಉತ್ತರ 2:
ಇವತ್ತಿಗೆ ಟವೆಲ್ ಸುತ್ತಿ ಎತ್ತಿಕೊಳ್ಳಿ. ಮುಂದಕ್ಕೆ ಬುಟ್ಟಿಯನ್ನು ಸದಾ ಬಾಗಿಲು ತೆರೆದು ಹೊರಗೇ ಇಡಿ, ತಾನಾಗೇ ಒಳಗೆ ಹೋಗಿ ಮಲಗುತ್ತದೆ.